ಗಿಂಡೋರಿನ್ ಕುಡಿದವಳು

ಆ ವಾಸನೆ ಏನೆಂದು ಗೊತ್ತಾಗಲು ತನಗೆ ಇಷ್ಟು ಹೊತ್ತು ಹಿಡಿಯಿತಲ್ಲ ಎಂದು ದೊಡ್ಡಮ್ಮನಿಗೆ ನಾಚಿಕೆಯಾಯಿತು. ಹದಿಹರೆಯದ ಮಕ್ಕಳು ಯಾಕೆ ಕುಡಿಯಲು ಶುರುಮಾಡುತ್ತಾರೆ, ಶುರುವಾಗುವ ಮೊದಲೇ ತಡೆಯುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಅರ್ಧ ಆಯುಷ್ಯ ಸವೆಸಿದವಳು. ಅದರ ಮೇಲೆ ಪುಸ್ತಕ ಬರೆದವಳು. ಮೈಕಿನ ಮುಂದೆ ನಿಂತರೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡುವವಳು. ಆದರೆ ಕುಡಿದ ಮಗುವೊಂದರ ಉಸಿರು ತನ್ನ ಕತ್ತಿಗೆ ತಾಗುವಷ್ಟು ಹತ್ತಿರ ಬಂದದ್ದು ಇವತ್ತೇ ಮೊದಲು. ಶಾಲೆಯ ಆರೈಕೆ ಕೋಣೆಯಲ್ಲಿ ಮಲಗಿದ್ದ ಬುಗುರಿಯನ್ನು ಎಬ್ಬಿಸಿ ಕೂರಿಸುವಾಗ ಅವಳು ಮೊದಲು ಅಂದುಕೊಂಡದ್ದು, ಇದು ನೆಲ ಒರೆಸುವ ಯಾವುದೋ ಔಷಧಿಯ ವಾಸನೆ ಎಂದು. ಆಮೇಲೆ ಅಂದುಕೊಂಡದ್ದು, ಎಲ್ಲೋ ಹಣ್ಣು ಕೊಳೆತಿದೆ ಎಂದು. ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಹುಡುಗಿಯ ತಲೆ ತನ್ನ ಭುಜದ ಮೇಲೆ ಬಂದು ಬಿದ್ದ ಮೇಲಷ್ಟೇ ಮೂಗು ಒಪ್ಪಿಕೊಂಡಿತು. ಶಾಲೆಯವರು ಬಿಡಿಸಿಯೇ ಹೇಳಿದ್ದರು, ಕುಡಿದು ಬಂದಿದ್ದಾಳೆ ಎಂದು. ಕಿವಿ ಕೇಳಿಸಿಕೊಂಡಿತ್ತು. ಮೂಗಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ.

ಬುಗುರಿ ಅವಳ ತಂಗಿಯ ಮಗಳು. ನಡೆಯಲು ಕಲಿತ ದಿನದಿಂದ ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದಳೆಂದು ಬಂದ ಹೆಸರು. ಈಗ ಹತ್ತನೇ ತರಗತಿ, ಸುತ್ತುವುದು ನಿಂತು ಯಾವ ಕಾಲವಾಯಿತೋ, ಹೆಸರು ಮಾತ್ರ ಸುತ್ತುತ್ತಲೇ ಇದೆ. ಕಾರು ತಂಗಿಯದು, ಅಂದರೆ ತಂಗಿಯ ಡ್ರೈವಿಂಗ್ ಶಾಲೆಯದು. ನೆತ್ತಿಯ ಮೇಲೆ ‘ಕಲಿಯುತ್ತಿದ್ದಾರೆ, ಸಹಕರಿಸಿ’ ಎಂಬ ಬೋರ್ಡು. ಕಲಿಸುವವರು ಕೂರುವ ಸೀಟಿನ ಬುಡದಲ್ಲಿ ಇನ್ನೊಂದು ಬ್ರೇಕು. ಶಾಲೆಯಿಂದ ಫೋನು ಬಂದಾಗ ತಂಗಿ ಪಾಠದ ನಡುವೆ ಇದ್ದಳು. ಕಲಿಯಲು ಬಂದಿದ್ದ ನಿವೃತ್ತ ಗುಮಾಸ್ತರನ್ನು ನಡುರಸ್ತೆಯಲ್ಲಿ ಇಳಿಸಲಾರದೆ ಸ್ಟೀರಿಂಗನ್ನು ಮಾತ್ರ ಅವರಿಂದ ಕಿತ್ತುಕೊಂಡು, ಅವರನ್ನು ಪಕ್ಕದ ಸೀಟಿಗೆ ದೂಡಿ, ದಾರಿಯಲ್ಲೇ ಅಕ್ಕನ ಕಚೇರಿಗೆ ಫೋನು ಮಾಡಿ, “ನಿಂಗೆ ಸ್ಕೂಲು ಹತ್ರ, ನೀನು ಮೊದ್ಲು ಹೋಗು, ನಾನು ಬಂದೆ” ಎಂದಿದ್ದಳು. ಈಗ ಆ ಗುಮಾಸ್ತರು ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೈ ಇಟ್ಟುಕೊಂಡು, ಪರರ ಮನೆಯ ಜಗಳದ ನಡುವೆ ಸಿಕ್ಕಿಬಿದ್ದ ಅತಿಥಿಯ ಹಾಗೆ ಎದುರಿನ ಗಾಜನ್ನೇ ನೋಡುತ್ತಿದ್ದರು. ಎರಡು ಸಲ ಕಾರು ಕಾರಣವಿಲ್ಲದೆ ಮುಗ್ಗರಿಸಿ ನಿಂತಿತು.

“ಸಾರ್, ಆ ಪೆಡಲ್ ಮೇಲಿಂದ ಕಾಲು ತೆಗೀರಿ.”

“ಕ್ಷಮಿಸಿ ಮೇಡಂ. ಭಯ ಆದ್ರೆ ಕಾಲು ತಾನಾಗೇ ಹೋಗುತ್ತೆ. ಮಗುಗೆ ಏನಾಗಿದೆ?”

“ಪಿತ್ತ ಸಾರ್. ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗಿದ್ಲು.”

“ಹೌದೌದು. ನಮ್ಮ ಮನೆಯವಳಿಗೂ ಹಾಗೇ. ಪಿತ್ತ ನೆತ್ತಿಗೇರಿದ್ರೆ ನಾಲಿಗೇನೂ ತೊದಲುತ್ತೆ” ಎಂದು ಗುಮಾಸ್ತರು ಹೇಳಿ, ಸದ್ದಾಗದ ಹಾಗೆ ತಮ್ಮ ಪಕ್ಕದ ಕಿಟಕಿಯ ಗಾಜನ್ನು ಕೆಳಗಿಳಿಸಿದರು. ಅವರ ಮೂಗಿಗೆ ದೊಡ್ಡಮ್ಮನ ಮೂಗಿಗಿಂತ ಬೇಗ ಅರ್ಥವಾಗಿತ್ತು. ತಂಗಿಯ ಕಿವಿ ಕೆಂಪಗಾದದ್ದು ಹಿಂದಿನಿಂದಲೇ ಕಾಣುತ್ತಿತ್ತು.

ಅಂಜುಬುರುಕ, ಎಂದು ದೊಡ್ಡಮ್ಮನ ಮನಸ್ಸು ತಾನಾಗಿ ಗುಮಾಸ್ತರ ಹಣೆಗೆ ಚೀಟಿ ಅಂಟಿಸಿತು. ಇದು ಅವಳ ಹಳೆಯ ಚಾಳಿ. ಅವಳ ಪುಸ್ತಕದ ಪ್ರಕಾರ ಕುಡಿತದ ಕಡೆ ಜಾರುವ ಮಕ್ಕಳು ನಾಲ್ಕು ಬಗೆ: ಭರವಸೆ ಕಳೆದುಕೊಂಡವರು, ಅಂಜುಬುರುಕರು, ಹಿಂದೆಮುಂದೆ ನೋಡದವರು, ಹೊಸತರ ಹುಚ್ಚಿನವರು. ಮೊದಲು ಸ್ವಭಾವವನ್ನು ಅಳೆಯಬೇಕು, ಆಮೇಲೆ ಆಯಾ ಸ್ವಭಾವದವರನ್ನು ಬೇರೆಬೇರೆ ಕೂರಿಸಿ ಮಾತಾಡಿಸಬೇಕು. ಎಲ್ಲರಿಗೂ ಒಂದೇ ಭಾಷಣ ಬಿಗಿದರೆ ಯಾರಿಗೂ ತಾಗುವುದಿಲ್ಲ. ಅಳೆದೂ ಅಳೆದೂ ಅವಳಿಗೆ ಈಗ ಹಾಲಿನವನು, ಲಿಫ್ಟಿನಲ್ಲಿ ಸಿಗುವ ಹೆಂಗಸು, ಮದುವೆಮನೆಯ ಬೀಗರು, ಯಾರನ್ನು ಕಂಡರೂ ನಾಲ್ಕರಲ್ಲಿ ಒಂದು ಡಬ್ಬಿಯ ಮುಚ್ಚಳ ತೆರೆಯುತ್ತದೆ. ತಂಗಿ ಹಿಂದೆಮುಂದೆ ನೋಡದವಳು; ಅದರಲ್ಲಿ ಅನುಮಾನವಿಲ್ಲ, ಅವಳ ಮದುವೆಯೇ ಸಾಕ್ಷಿ, ಆ ಗಂಡ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ. ಬುಗುರಿಯನ್ನು ಮಾತ್ರ ಯಾವ ಡಬ್ಬಿಗೂ ಹಾಕಿರಲಿಲ್ಲ. ಅವಳು ನಮ್ಮ ಬುಗುರಿ, ಅವಳಿಗೇನು ಎಂದುಕೊಂಡಿದ್ದಳು. ಮನೆಯ ಮಗುವನ್ನು ಅಳೆಯದಿರುವುದೇ ಪ್ರೀತಿ ಎಂದುಕೊಂಡಿದ್ದಳೋ, ಅಥವಾ ಅಳೆಯುವಷ್ಟು ಹೊತ್ತು ಆ ಮುಖವನ್ನು ನೋಡಿಯೇ ಇರಲಿಲ್ಲವೋ. ಭುಜದ ಮೇಲಿನ ತಲೆ ಭಾರವಾಗಿತ್ತು, ಕೂದಲು ಹಣೆಗೆ ಅಂಟಿತ್ತು. ಗಲ್ಲದ ಕೆಳಗೆ ಒಂದು ಮೊಡವೆಯನ್ನು ಕೆರೆದು ಗಾಯ ಮಾಡಿಕೊಂಡಿದ್ದಳು. ಇದು ಯಾವಾಗ ಆಯಿತು?

ಗುಮಾಸ್ತರ ಬೀದಿ ಬಂತು. ಇಳಿದವರು ಬಾಗಿಲು ಹಾಕಿ, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಕಿಟಕಿಯೊಳಗೆ ತಲೆ ಹಾಕಿದರು.

“ಮೇಡಂ, ನಾಳೆ ನಾನು ಬರ್ಲಾ, ಬೇಡ್ವಾ?”

“ಬನ್ನಿ ಸಾರ್. ರಿವರ್ಸ್ ಇನ್ನೂ ಬಾಕಿ ಇದೆ.”

“ಅದು ಬಿಡಿ, ನಂಗೆ ಮುಂದಕ್ಕೇ ಬರಲ್ಲ.” ಸ್ವಲ್ಪ ತಡೆದು, ಹಿಂದಿನ ಸೀಟಿನ ಕಡೆ ನೋಡದೆ, “ಮಗೂನ ಬೈಬೇಡಿ. ಈ ವಯಸ್ಸಲ್ಲಿ ನಂಗೂ ಒಂದ್ಸಲ ಇದೇ ಥರ ಪಿತ್ತ ಆಗಿತ್ತು. ನಮ್ಮಪ್ಪ ಬೆಲ್ಟ್ ಬಿಚ್ಚಿದ್ರು. ಪಿತ್ತವೇನೂ ಇಳೀಲಿಲ್ಲ” ಎಂದು ಹೇಳಿ ಹೊರಟುಹೋದರು.

ತಂಗಿ ಮೊದಲು ನಕ್ಕಳು. ಮುಂದಿನ ಸಿಗ್ನಲಿನಲ್ಲಿ ಕಾರು ನಿಂತಾಗ ಆ ನಗುವೇ ಅಳುವಾಗಿ ತಿರುಗಿತ್ತು. ಮೂಗು ಒರೆಸಿಕೊಳ್ಳಲು ಏನೂ ಸಿಗದೆ ಗಾಜು ಒರೆಸುವ ಹಳದಿ ಬಟ್ಟೆಯಿಂದಲೇ ಒರೆಸಿಕೊಂಡಳು.

“ಆ ಸಾರ್‌ಗೂ ಗೊತ್ತಾಯ್ತು ಅಕ್ಕ. ಗೇರ್ ಎಲ್ಲಿದೆ ಅಂತ ಗೊತ್ತಿಲ್ದೆ ಇರೋ ಮನುಷ್ಯನಿಗೆ ಗೊತ್ತಾಯ್ತು. ನಾನು ಬಿಡು, ಬೆಳಿಗ್ಗೆ ಐದಕ್ಕೆ ಮನೆ ಬಿಟ್ರೆ ರಾತ್ರಿ ಮುಖ ತೋರ್ಸೋಳು. ನಿಂಗ್ಯಾಕೆ ಗೊತ್ತಾಗ್ಲಿಲ್ಲ? ನೀನು ಇದನ್ನೇ ತಾನೇ ಓದಿರೋದು?”

ದೊಡ್ಡಮ್ಮ ಬುಗುರಿಯ ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿದಳು.

“ಹೋದ ತಿಂಗಳು ನಿಮ್ಮೋರು ಇವಳ ಸ್ಕೂಲಿಗೆ ಬಂದು ಪ್ರಶ್ನೆ ಕೊಟ್ಟು ಬರೆಸ್ಕೊಂಡು ಹೋದ್ರಂತಲ್ಲ? ಕುಡೀತೀಯಾ, ಬೀಡಿ ಸೇದ್ತೀಯಾ, ಬೇಜಾರಾ, ನಿದ್ದೆ ಬರುತ್ತಾ, ಹೊಟ್ಟೆ ಒಳಗಿರೋದೆಲ್ಲ ಕೇಳ್ತಾರೆ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ನೀನೇ ಹೇಳಿದ್ದೆ. ಅದ್ರಲ್ಲಿ ಇವಳದ್ದು ಏನೂ ಗೊತ್ತಾಗ್ಲಿಲ್ವಾ?”

“ಅದ್ರಲ್ಲಿ ಹೆಸರಿರಲ್ಲ ಕಣೆ. ನಂಬರ್ ಮಾತ್ರ. ಮಕ್ಕಳು ನಿಜ ಹೇಳ್ಬೇಕು ಅಂದ್ರೆ ಹೆಸರು ಕೇಳ್ಬಾರ್ದು.”

ಸಿಗ್ನಲ್ ಹಸಿರಾಯಿತು. ಭುಜದ ಮೇಲಿನ ತಲೆ ಕದಲಿತು. ಕಣ್ಣು ತೆರೆಯದೆ, ತುಟಿ ಅಷ್ಟೇ ಬಿಚ್ಚಿ, ಬಟ್ಟೆಗೆ ಹೇಳುವ ಹಾಗೆ ಬುಗುರಿ ಹೇಳಿದಳು:

“ಗಿಂಡೋರಿನ್‌ಗೆ ಟಿಕ್ ಹಾಕಿದ್ದೆ ದೊಡ್ಡಮ್ಮ. ನೀನು ನೋಡ್ಲಿಲ್ವಾ?”

“ಏನಂತೆ? ಏನು ಕೇಳ್ತಿದ್ದಾಳೆ?” ಎಂದು ತಂಗಿ ಕನ್ನಡಿಯಲ್ಲಿ ನೋಡಿದಳು.

ಹೋದ ವಾರ ಕಚೇರಿಯಲ್ಲಿ ಕಂಡ ಒಂದು ಹಾಳೆ ದೊಡ್ಡಮ್ಮನ ಕಣ್ಣ ಮುಂದೆ ಬಂತು. ಆದರೆ ಬಾಯಿ ಅದಕ್ಕಿಂತ ಮುಂಚೆ ಕೆಲಸ ಮುಗಿಸಿತ್ತು. “ಇಲ್ಲ ಪುಟ್ಟ” ಎಂದಿತು ಬಾಯಿ. “ನೋಡ್ಲಿಲ್ಲ.”

“ಹೂಂ” ಎಂದಳು ಬುಗುರಿ. “ಅದಕ್ಕೇ.”

ಆ ‘ಅದಕ್ಕೇ’ಯಲ್ಲಿ ಎಷ್ಟು ಸಮಾಧಾನವಿತ್ತೆಂದರೆ ದೊಡ್ಡಮ್ಮನಿಗೆ ಆ ಭುಜವನ್ನು ಕಳಚಿ ಅಲ್ಲೇ ಇಟ್ಟು ಓಡಿಹೋಗಬೇಕೆನಿಸಿತು.

ಬುಗುರಿ ಚಿಕ್ಕವಳಿದ್ದಾಗಿನ ಮಾತು. ಆಗ ತಂಗಿ ಹೊಸದಾಗಿ ಡ್ರೈವಿಂಗ್ ಶಾಲೆ ತೆರೆದಿದ್ದಳು. ಸಂಜೆಯ ಪಾಠಗಳು ಮುಗಿಯುವವರೆಗೆ ಬುಗುರಿ ದೊಡ್ಡಮ್ಮನ ಫ್ಲ್ಯಾಟಿನಲ್ಲಿ. ಊಟದ ಮೇಜಿನ ಒಂದು ತುದಿಯಲ್ಲಿ ಹುಡುಗಿಯ ಲೆಕ್ಕದ ಪುಸ್ತಕ, ಇನ್ನೊಂದು ತುದಿಯಲ್ಲಿ ದೊಡ್ಡಮ್ಮನ ಪ್ರಶ್ನಾವಳಿಯ ಕರಡು. ಇಬ್ಬರಿಗೂ ಹೋಮ್‌ವರ್ಕ್ ಎಂದು ಹುಡುಗಿಗೆ ಬಹಳ ಖುಷಿ. ಕುಡಿತ, ಸಿಗರೇಟು, ಮಾತ್ರೆ ಎಂದು ಪಟ್ಟಿ ಮಾಡಿ ಯಾವುದನ್ನು ಮುಟ್ಟಿದ್ದೀರಿ ಎಂದು ಕೇಳುವಾಗ ನಡುವೆ ಜಗತ್ತಿನಲ್ಲೇ ಇಲ್ಲದ ಒಂದು ಹೆಸರನ್ನು ಸೇರಿಸುವುದು ಈ ಕೆಲಸದವರ ಉಪಾಯ. ಜಂಬಕ್ಕೆ, ತಮಾಷೆಗೆ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕುವ ಮಗು ಅದಕ್ಕೂ ಹಾಕುತ್ತದೆ. ಇಲ್ಲದ್ದನ್ನು ಕುಡಿದೆ ಎಂದವನ ಮಿಕ್ಕ ಮಾತನ್ನೂ ನಂಬುವ ಹಾಗಿಲ್ಲ. ಅವನ ಹಾಳೆಯನ್ನು ಪೂರ್ತಿ ಆಚೆ ಇಡುವುದು.

“ಬುಗುರಿ, ಎಲ್ಲೂ ಸಿಗದ ಒಂದು ಮದ್ದಿನ ಹೆಸರು ಹೇಳೇ.”

“ಯಾಕೆ?”

“ಸುಳ್ಳು ಹೇಳೋ ಮಕ್ಕಳನ್ನ ಹಿಡಿಯೋಕೆ.”

ಹುಡುಗಿ ಪೆನ್ಸಿಲಿನ ಹಿಂಬದಿ ಕಚ್ಚಿ ಸೂರು ನೋಡಿದಳು. “ಗಿಂಡೋರಿನ್.”

“ಅದನ್ನ ಕುಡಿದ್ರೆ ಏನಾಗುತ್ತೆ?”

“ಕಿವಿ ಹಸಿರಾಗುತ್ತೆ. ಆಮೇಲೆ ಪಕ್ಕದಲ್ಲಿರೋರು ಬಾಯಿ ಬಿಡದೆ ಇದ್ರೂ ಎಲ್ಲಾ ಕೇಳ್ಸುತ್ತೆ.”

ದೊಡ್ಡಮ್ಮ ನಕ್ಕು ನಕ್ಕು ಸುಸ್ತಾಗಿ ಆ ಹೆಸರನ್ನು ಹಾಗೇ ಬರೆದುಕೊಂಡಿದ್ದಳು. ಅದು ಅಚ್ಚಾಯಿತು. ಎಷ್ಟೋ ಶಾಲೆಗಳ ಎಷ್ಟೋ ಮಕ್ಕಳು ಅದನ್ನು ಓದಿ, ಇದ್ಯಾವುದಪ್ಪ ಎಂದು ತಲೆ ಕೆರೆದುಕೊಂಡರು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿರಬೇಕು ಎಂದು ಹುಡುಗಿ ಕೈ ಮೇಲೆ ಕೈ ಹೊಡೆಸಿಕೊಂಡಿದ್ದಳು. ಮೊದಮೊದಲು ಬಾಗಿಲು ತೆರೆದ ಕೂಡಲೇ ಕೇಳುತ್ತಿದ್ದಳು, ಇವತ್ತು ಎಷ್ಟು ಜನ ಗಿಂಡೋರಿನ್ ಕುಡಿದ್ರು ದೊಡ್ಡಮ್ಮ? ದೊಡ್ಡಮ್ಮ ಬೆರಳು ಎತ್ತಿ ತೋರಿಸುವಳು. ಆಮೇಲೆ ಯೋಜನೆ ದೊಡ್ಡದಾಯಿತು, ದೊಡ್ಡಮ್ಮ ಊರೂರು ಸುತ್ತಲು ಶುರುಮಾಡಿದಳು, ಹುಡುಗಿಯ ಕೈಗೆ ಮನೆಯ ಬೀಗದಕೈ ಬಂತು, ಮೇಜಿನ ಆ ತುದಿಯಲ್ಲಿ ಪ್ರಿಂಟರ್ ಬಂದು ಕೂತಿತು.

“ಅಕ್ಕ, ಕೇಳ್ತಿದ್ದೀಯಾ? ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಲಾ?”

“ಈಗ ಬೇಡ. ಪ್ರಜ್ಞೆ ಇದೆ, ಮಾತಾಡ್ತಿದ್ದಾಳೆ. ಮಗ್ಗುಲಾಗಿ ಮಲಗಿಸೋಣ. ನಾಳೆ ಖಂಡಿತ ತೋರಿಸ್ಬೇಕು.” ಇಂಥವಕ್ಕೆಲ್ಲ ಅವಳ ಬಳಿ ಉತ್ತರ ಸಿದ್ಧವಿರುತ್ತದೆ.

ಕಚೇರಿಯಲ್ಲಿ ಲೆಕ್ಕ ನೋಡುವವರನ್ನು ಎಲ್ಲರೂ ಕರೆಯುವುದು ಅಂಕಿಯಪ್ಪ ಎಂದು. ಶೇಂಗಾ ಮೆಲ್ಲುತ್ತ ಇಡೀ ದಿನ ಅಂಕಿಗಳ ಜೊತೆ ಜಗಳವಾಡುವ ಆ ಮನುಷ್ಯನಿಗೆ ಸುಳ್ಳುಗಾರರ ಹಾಳೆಗಳೆಂದರೆ ಮೈಯೆಲ್ಲ ಉತ್ಸಾಹ. ಅವನ್ನು ಬೇರೆ ತೆಗೆಯುವ ದಿನ ಚಹಾದ ಹೊತ್ತಿಗೆ ಒಂದೆರಡನ್ನು ರಾಗ ಎಳೆದು ಓದಿ ಎಲ್ಲರನ್ನೂ ನಗಿಸುವುದು ವಾಡಿಕೆ. ಹೆಸರಿಲ್ಲವಲ್ಲ, ಯಾರಿಗೆ ನೋವು? ಹೋದ ವಾರ ಅವರು ಹಾಗೇ ಒಂದನ್ನು ಎತ್ತಿಕೊಂಡು ಬಂದಿದ್ದರು. “ಮೇಡಂ, ಈ ಸ್ಕೂಲಲ್ಲಿ ಒಬ್ಬರೇ ಒಬ್ಬರು ಗಿಂಡೋರಿನ್ ಗಿರಾಕಿ. ಪುಣ್ಯಾತ್ಮರು ಏನೇನು ಬರೆದಿದ್ದಾರೆ ಕೇಳಿ. ಒಬ್ಬರೇ ಇದ್ದಾಗ ಕುಡೀತೀರಾ? ಯಾವಾಗಲೂ! ಬೆಳಿಗ್ಗೆ ಹೊತ್ತು? ಕೆಲವೊಮ್ಮೆ! ಯಾಕೆ ಕುಡೀತೀರಿ? ನಿದ್ದೆಗೆ! ಮುಂದೆ ಒಳ್ಳೇದಾಗುತ್ತೆ ಅನಿಸುತ್ತಾ? ಇಲ್ಲವೇ ಇಲ್ಲ! ಗಿಂಡೋರಿನ್? ವಾರಕ್ಕೊಮ್ಮೆ! ಮೇಡಂ, ಎಲ್ಲಿ ಸಿಗುತ್ತೆ ವಿಚಾರಿಸಿ, ನನಗೂ ವಾರಕ್ಕೊಂದು ಬೇಕು.” ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು, ಕಪ್ಪಿನಿಂದ ಚಹಾ ತುಳುಕಿ ಸೀರೆಗೆ ಬಿತ್ತು, ಅದನ್ನು ಒರೆಸಿಕೊಳ್ಳುತ್ತಲೇ ನಕ್ಕಳು. “ಇನ್ನೂ ಇದೆ ತಾಳಿ. ಕಷ್ಟ ಬಂದಾಗ ಹೇಳಿಕೊಳ್ಳಲು ನನಗೆ ಒಬ್ಬರಿದ್ದಾರೆ. ಹೌದು! ನೋಡಿ, ಇಷ್ಟೆಲ್ಲ ಕುಡಿಯೋ ಮಗುಗೆ ಹೇಳ್ಕೊಳ್ಳೋಕೆ ಒಬ್ಬರು ಬೇರೆ ಇದ್ದಾರಂತೆ. ಒಂದಕ್ಕೊಂದು ತಾಳೆ ಇಲ್ಲ. ತೆಗೆದುಬಿಡ್ಲಾ?”

“ತೆಗೀರಿ” ಎಂದಿದ್ದಳು. ಆ ಶಾಲೆಯ ಹೆಸರು ಹಾಳೆಯ ನೆತ್ತಿಯ ಮೇಲೇ ಇತ್ತು. ಅದು ಬುಗುರಿಯ ಶಾಲೆಯೆಂದು ಅವಳಿಗೆ ಗೊತ್ತಿತ್ತು; ಗೊತ್ತಿದ್ದೂ ಗೊತ್ತಾಗಲಿಲ್ಲ. ಆ ಹಾಳೆ ಆಚೆ ಹೋಗದಿದ್ದರೆ ಭರವಸೆ ಕಳೆದುಕೊಂಡವರ ಗುಂಪಿನಲ್ಲಿ ಮೊದಲ ನಂಬರು ಅದರದ್ದೇ ಆಗುತ್ತಿತ್ತು. ನಂಬರು ಯಾರದೆಂದು ಗೊತ್ತಿರುವ ಒಬ್ಬಳೇ ಒಬ್ಬಳು, ಶಾಲೆಯ ಆಪ್ತಸಮಾಲೋಚಕಿ, ಆ ವಾರವೇ ಮಗುವನ್ನು ಕರೆದು ಕೂರಿಸುತ್ತಿದ್ದಳು. ಬುಗುರಿ ಎಲ್ಲವನ್ನೂ ನಿಜ ಬರೆದು, ಇದು ನಾನೇ ಎಂದು ದೊಡ್ಡಮ್ಮನಿಗೆ ತಿಳಿಯಲಿ ಎಂದು, ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಆ ಒಂದು ಗುರುತನ್ನು ಹಾಕಿದ್ದಳು. ಬಾಗಿಲು ತಟ್ಟಿದ್ದಳು. ತಟ್ಟಿದವರನ್ನು ಒಳಗೆ ಬಿಡಬಾರದು ಎಂಬುದೇ ಆ ಬಾಗಿಲಿನ ನಿಯಮ.

ತಂಗಿಯ ಮನೆ ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲ. ಇಬ್ಬರೂ ಎರಡು ಕಡೆ ಹಿಡಿದು ಹತ್ತಿಸಿದರು. ನಡುವಿನ ತಿರುವಿನಲ್ಲಿ ಎದುರು ಮನೆಯ ಅಜ್ಜಿ ಇಳಿದು ಬರುತ್ತ, “ಏನಾಯ್ತೇ ಕೂಸೆ?” ಎಂದು ಕೆನ್ನೆ ಸವರಿದಳು, ತಂಗಿ ಮತ್ತೆ ಪಿತ್ತ ಎಂದಳು, ಈ ಸಲ ಮೊದಲಿಗಿಂತ ಸರಾಗವಾಗಿ. ಸುಳ್ಳಿಗೂ ಅಭ್ಯಾಸ ಬೇಕು ಎಂದು ದೊಡ್ಡಮ್ಮನಿಗೆ ಅನಿಸಿತು. ತನಗೆ ಮಾತ್ರ ಅಭ್ಯಾಸವೇ ಬೇಕಾಗಲಿಲ್ಲವಲ್ಲ. ನೋಡ್ಲಿಲ್ಲ ಪುಟ್ಟ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದಿತ್ತು ಆ ಮಾತು.

ಕೋಣೆಯಲ್ಲಿ ಹಾಸಿಗೆ ಅಚ್ಚುಕಟ್ಟಾಗಿತ್ತು. ಅತಿಯಾಗಿ ಅಚ್ಚುಕಟ್ಟಾಗಿತ್ತು, ಯಾರೂ ಮಲಗದ ಹಾಸಿಗೆಯ ಹಾಗೆ. ತಂಗಿ ಬಕೆಟ್ಟು ತಂದಿಟ್ಟು, ಬಟ್ಟೆ ಬದಲಿಸಿ, ಏನಾದರೂ ಬಿಸಿಯಾಗಿ ಕೊಡುತ್ತೇನೆ ಎಂದು ಅಡುಗೆಮನೆಗೆ ಹೋದಳು. ದೊಡ್ಡಮ್ಮ ಓದುವ ಕುರ್ಚಿಯನ್ನು ಎಳೆದು ಮಂಚದ ಪಕ್ಕ ಕೂತಳು. ಕೂತ ಕೂಡಲೇ ತಾನು ಹೇಗೆ ಕೂತಿದ್ದೇನೆಂದು ಅವಳಿಗೇ ಗೊತ್ತಾಯಿತು: ಸ್ವಲ್ಪ ಓರೆಯಾಗಿ, ಕೈ ಬಿಚ್ಚಿ ಮಡಿಲ ಮೇಲಿಟ್ಟು, ತಲೆಯನ್ನು ಕೊಂಚ ವಾಲಿಸಿ. ತರಬೇತಿಯಲ್ಲಿ ಅವಳೇ ಕಲಿಸುವ ಭಂಗಿ. ಬೆನ್ನು ನೆಟ್ಟಗೆ ಮಾಡಿದಳು. ಅದೂ ಸರಿಹೋಗಲಿಲ್ಲ. ಏನಾದರೂ ಕೇಳಬೇಕು. ಎಷ್ಟು ದಿನದಿಂದ? ವಾರಕ್ಕೆ ಎಷ್ಟು ಸಲ? ಒಬ್ಬಳೇ ಇದ್ದಾಗಲೋ, ಇತರರ ಜೊತೆಗೋ? ಬಾಯಿಗೆ ಬಂದದ್ದೆಲ್ಲ ಅಚ್ಚಾದ ಪ್ರಶ್ನೆಗಳೇ. ಅಚ್ಚಾಗದ ಒಂದು ಪ್ರಶ್ನೆಗಾಗಿ ತಡಕಾಡುತ್ತಿದ್ದಾಗ ಅವಳಿಗೆ ಹೋದ ವರ್ಷದ ಒಂದು ಭಾನುವಾರ ನೆನಪಾಯಿತು. ನೆನಪಾಗಬಾರದಿತ್ತು.

ಹೇಳದೆ ಕೇಳದೆ ಬಂದಿದ್ದಳು ಬುಗುರಿ ಅವತ್ತು. ಮಾರನೆಯ ದಿನ ದೊಡ್ಡಮ್ಮನದು ದೊಡ್ಡ ಭಾಷಣ, ತೆರೆಯ ಮೇಲೆ ಚಿತ್ರಗಳನ್ನು ಹಿಂದೆಮುಂದೆ ಮಾಡುತ್ತಿದ್ದಳು. ಹುಡುಗಿ ಪ್ರಿಂಟರಿನ ಪಕ್ಕ ನಿಂತು ಅದರ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ, “ದೊಡ್ಡಮ್ಮ, ಒಬ್ರು ಕುಡಿಯೋಕೆ ಶುರುಮಾಡಿದ್ರೆ, ಅಂದ್ರೆ ಜಾಸ್ತಿ ಏನಲ್ಲ, ಅವರಷ್ಟಕ್ಕೆ ಅವರೇ ನಿಲ್ಸೋಕೆ ಆಗುತ್ತಾ?” ಎಂದು ಕೇಳಿದಳು. ದೊಡ್ಡಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ! ಮನೆಯಲ್ಲಿ ಒಬ್ಬರಾದರೂ ತನ್ನ ಕೆಲಸದ ಬಗ್ಗೆ ಕೇಳಿದರಲ್ಲ ಎಂದು. “ಸ್ಕೂಲ್ ಪ್ರಾಜೆಕ್ಟಾ?” ಎಂದಳು. ಹುಡುಗಿ ಪ್ರಿಂಟರಿನ ಮುಚ್ಚಳವನ್ನು ಮುಚ್ಚಿ, “ಹೂಂ” ಎಂದಳು. ದೊಡ್ಡಮ್ಮ ಕಪಾಟಿನಿಂದ ಬಣ್ಣದ ಮುಖಪುಟದ ಕೈಪಿಡಿ ತೆಗೆದು ಕೊಟ್ಟು, ಮೂರನೇ ಅಧ್ಯಾಯ ಓದು, ಅದರಲ್ಲಿ ಎಲ್ಲ ಇದೆ, ಚಿತ್ರ ಬೇಕಾದರೆ ಕಳಿಸುತ್ತೇನೆ ಎಂದಿದ್ದಳು. ಹೋಗುವಾಗ ಹುಡುಗಿ ಕೈಪಿಡಿಯನ್ನು ಎದೆಗೆ ಅವಚಿಕೊಂಡಿದ್ದಳು. ಅದಕ್ಕೆ ಎಷ್ಟು ಅಂಕ ಬಂತು ಎಂದು ಕೂಡ ಆಮೇಲೆ ಕೇಳಲಿಲ್ಲ.

ಬುಗುರಿ ಕಣ್ಣು ಬಿಟ್ಟಳು. ಬಿಳಿಯ ಭಾಗ ಕೆಂಪಾಗಿತ್ತು, ಆದರೆ ನೋಟ ತಿಳಿಯಾಗಿತ್ತು. ಕಾರಿನಲ್ಲಿದ್ದ ಮಬ್ಬು ಇಳಿದಿತ್ತು.

“ಹೇಳು ಪುಟ್ಟ” ಎಂದಳು ದೊಡ್ಡಮ್ಮ. “ನಾನು ಕೇಳ್ತೀನಿ.”

ಹುಡುಗಿ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಕ್ಕಳು, ಮನೆಗೆ ಬಂದ ದೊಡ್ಡವರಿಗೆ ನಗುವ ಹಾಗೆ.

“ಏನಿಲ್ಲ ದೊಡ್ಡಮ್ಮ. ಇವತ್ತೇ ಫಸ್ಟು. ಕ್ಲಾಸ್‌ಮೇಟ್ ಒಬ್ಬಳ ಬರ್ತ್‌ಡೇ ಇತ್ತು, ಅವಳು ಬಾಟ್ಲಲ್ಲಿ ತಂದಿದ್ಲು. ಎಲ್ರೂ ಒಂದೊಂದು ಗುಟುಕು ಕುಡಿದ್ರು, ನಾನು ಸ್ವಲ್ಪ ಜಾಸ್ತಿ ಕುಡಿದೆ. ಚೆನ್ನಾಗಿರ್ಲಿಲ್ಲ. ಇನ್ಮೇಲೆ ಮುಟ್ಟಲ್ಲ. ನೀವು ಸುಮ್ನೆ ಕೆಲಸ ಬಿಟ್ಟು ಬಂದ್ರಿ.”

ಎಲ್ಲ ಸರಿಯಾಗಿತ್ತು. ಯಾರ ಜೊತೆ, ಯಾಕೆ, ಎಷ್ಟು, ಒಂದಕ್ಕೊಂದು ಹೊಂದುತ್ತಿತ್ತು, ಪಶ್ಚಾತ್ತಾಪ ಇತ್ತು, ಮುಂದಿನ ನಿರ್ಧಾರ ಇತ್ತು. ಅಂಕಿಯಪ್ಪನ ಯಾವ ಜರಡಿಯೂ ಇದನ್ನು ಹಿಡಿಯುತ್ತಿರಲಿಲ್ಲ. ಆ ಭಾನುವಾರದ ‘ಹೂಂ’ ಬಿಟ್ಟರೆ ಈ ಮಗು ತನಗೆ ಹೇಳಿದ ಮೊದಲ ಸುಳ್ಳು ಇದು ಎಂದು ದೊಡ್ಡಮ್ಮನಿಗೆ ಖಚಿತವಾಗಿ ಗೊತ್ತಾಯಿತು. ಬಾಯಿ ತುಂಬ ‘ನೀನು’ ಎನ್ನುತ್ತಿದ್ದವಳು ‘ನೀವು’ ಎಂದದ್ದು ಹಾಸಿಗೆಗೂ ಕುರ್ಚಿಗೂ ನಡುವೆ ಒಂದು ಮೇಜು ತಂದಿಟ್ಟ ಹಾಗಿತ್ತು. ನಾನು ನೋಡಿದ್ದೆ ಕಣೆ ಎಂದು ಆಗಲೇ ಹೇಳಬಹುದಿತ್ತು. ನಾಲಿಗೆಯವರೆಗೆ ಬಂತು. ನೋಡಿ ಏನು ಮಾಡಿದೆ ಎಂದು ಕೇಳಿದರೆ? ಚಹಾ ತುಳುಕಿದ್ದನ್ನು ಹೇಳುವುದೇ? “ಮಲಗು” ಎಂದಳು. ಹೊದಿಕೆಯನ್ನು ಗಲ್ಲದವರೆಗೆ ಎಳೆದಳು, ಎಳೆಯುವ ಅಗತ್ಯವಿರಲಿಲ್ಲ, ಸೆಖೆಯಿತ್ತು. ಹುಡುಗಿ ಗೋಡೆಯ ಕಡೆ ತಿರುಗಿದಳು.

ಅಡುಗೆಮನೆಯಲ್ಲಿ ತಂಗಿ ಚಹಾಕ್ಕೆ ನೀರಿಟ್ಟು ಒಲೆಯನ್ನೇ ನೋಡುತ್ತ ನಿಂತಿದ್ದಳು.

“ಏನಂದ್ಲು?”

“ಇವತ್ತೇ ಮೊದಲು ಅಂದ್ಲು. ಯಾರದ್ದೋ ಹುಟ್ಟುಹಬ್ಬ.”

ತಂಗಿಯ ಭುಜಗಳು ಇಳಿದವು. “ಅಬ್ಬ! ನಾನೇನೇನೋ ಅಂದ್ಕೊಂಡೆ ಅಕ್ಕ. ಒಂದ್ಸಲ ತಾನೇ? ನಾವೇನು ಕಮ್ಮಿ, ನೀನು ಹಾಸ್ಟೆಲಲ್ಲಿ ಕಿಟಕಿ ಹಾರಿ ಸಿನಿಮಾಕ್ಕೆ ಹೋಗ್ತಿರ್ಲಿಲ್ವಾ? ನಂಗೆ ಹೇಳಿದ್ರೆ ನಂಬ್ತಿರ್ಲಿಲ್ಲ. ನಿಂಗೆ ಹೇಳಿದ್ಲು ಅಂದ್ರೆ ನಿಜಾನೇ. ನಿನ್ನ ಹತ್ರ ಅವಳು ಸುಳ್ಳು ಹೇಳಲ್ಲ.” ಸಕ್ಕರೆ ಡಬ್ಬಿಯನ್ನು ಹುಡುಕುತ್ತ ಹಗುರಾಗಿ ಅತ್ತಿತ್ತ ಓಡಾಡಿದಳು. ಇನ್ನು ಒಂದು ನಿಮಿಷ ಹೀಗೇ ಬಿಟ್ಟರೆ ಇದೇ ನಿಜವಾಗಿ ಗಟ್ಟಿಯಾಗುತ್ತದೆ, ತಂಗಿ ನಾಳೆ ಐದಕ್ಕೆ ಮನೆ ಬಿಡುತ್ತಾಳೆ, ಒಳಗಿನ ಹುಡುಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ತಾನು ಸೋಮವಾರದ ಸಭೆಗೆ ಹೋಗುತ್ತೇನೆ ಎಂಬುದು ದೊಡ್ಡಮ್ಮನಿಗೆ ಎದುರಿಗಿದ್ದ ಹಾಲಿನ ಪಾತ್ರೆಯಷ್ಟು ಸ್ಪಷ್ಟವಾಗಿ ಕಂಡಿತು.

“ಅದು ಸುಳ್ಳು” ಎಂದಳು.

ತಂಗಿ ತಿರುಗಿದಳು.

“ಮೊದಲನೇ ಸಲ ಅಲ್ಲ. ಬಹಳ ದಿನದಿಂದ ಕುಡೀತಿದ್ದಾಳೆ. ಒಬ್ಬಳೇ ಕುಡೀತಾಳೆ. ನಿದ್ದೆ ಬರ್ಲಿ ಅಂತ. ಕೆಲವು ಸಲ ಬೆಳಿಗ್ಗೇನೂ.”

“ನಿಂಗೆ ಹ್ಯಾಗೆ ಗೊತ್ತು?”

“ಅವಳೇ ಬರೆದಿದ್ಲು. ಆ ಹಾಳೆಯಲ್ಲಿ. ಹೆಸರಿರ್ಲಿಲ್ಲ, ಆದ್ರೆ ನಂಗೆ ಗೊತ್ತಾಗೋ ಹಾಗೆ ಗುರುತು ಹಾಕಿದ್ಲು. ಹೋದ ವಾರ ಅದು ನನ್ನ ಕೈಗೆ ಬಂತು. ಯಾರೋ ತಮಾಷೆಗೆ ಬರೆದಿದ್ದಾರೆ ಅಂದ್ಕೊಂಡು ನಕ್ಕೆ. ನಕ್ಕು ಬಿಸಾಕಿದೆ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ತಂಗಿ ಬೈಯುತ್ತಾಳೆ ಎಂದು ದೊಡ್ಡಮ್ಮ ಕಾದಳು. ಬೈದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ತಂಗಿ ಅವಳನ್ನು ನೋಡುತ್ತಿರಲಿಲ್ಲ, ಅವಳ ಹಿಂದೆ ನೋಡುತ್ತಿದ್ದಳು.

ಬಾಗಿಲಲ್ಲಿ ಬುಗುರಿ ನಿಂತಿದ್ದಳು. ಹೊದಿಕೆಯನ್ನು ಹೆಗಲ ಮೇಲೆ ಎಳೆದುಕೊಂಡು, ಬರಿಗಾಲಲ್ಲಿ, ಒಂದು ಕೈ ಗೋಡೆಗೆ ಊರಿ.

“ಬಿಸಾಕಿದ್ಯಾ?” ಎಂದಳು.

ದೊಡ್ಡಮ್ಮ ಹೌದೆಂದು ತಲೆಯಾಡಿಸಿದಳು.

“ನೀನು ನೋಡಿಲ್ಲ ಅಂದ್ಕೊಂಡಿದ್ದೆ. ನೋಡಿದ್ರೆ ನೀನೇ ಬಂದಿರ್ತಿದ್ದೆ ಅಂತ.” ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಕೊನೆಗೆ ಸಿಕ್ಕವರ ಹಾಗಿತ್ತು. “ನಾನು ದಿನಾ ಕಾಯ್ತಿದ್ದೆ ದೊಡ್ಡಮ್ಮ.”

ತಂಗಿ ದೊಡ್ಡಮ್ಮನನ್ನು ಬಳಸಿಕೊಂಡು ಹೋದಳು, ದಾರಿಯಲ್ಲಿರುವ ಕುರ್ಚಿಯನ್ನು ಬಳಸುವ ಹಾಗೆ. ಮಗಳ ಹೆಗಲ ಸುತ್ತ ಕೈ ಹಾಕಿ, “ಬಾ, ಕಾಲು ತಣ್ಣಗಾಗುತ್ತೆ” ಎಂದಳು. ಅಷ್ಟೇ. ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ತಂಗಿಯ ದನಿ, ಒಂದೆರಡು ಮಾತು, ಬಹಳ ತಗ್ಗಿನಲ್ಲಿ. ಆಮೇಲೆ ಹುಡುಗಿಯ ದನಿ ಶುರುವಾಯಿತು. ಒಡೆದು, ನಿಂತು, ಮತ್ತೆ ಶುರುವಾಗಿ, ಬರಬರುತ್ತ ತಡೆಯಿಲ್ಲದೆ, ಅಳುವಿನ ನಡುವೆಯೂ ನಿಲ್ಲದೆ ಹರಿಯತೊಡಗಿತು. ಮಾತು ತಿಳಿಯುತ್ತಿರಲಿಲ್ಲ, ದನಿಯ ಏರಿಳಿತ ಮಾತ್ರ. ಪಡಸಾಲೆಗೆ ನಾಲ್ಕು ಹೆಜ್ಜೆ ಇಟ್ಟರೆ ಪ್ರತಿ ಮಾತೂ ತಿಳಿಯುತ್ತಿತ್ತು. ಅಂಥ ಮಾತು ಕೇಳಬೇಕೆಂದೇ ಅವಳು ಇಷ್ಟು ವರ್ಷ ದುಡಿದದ್ದು. ಅದಕ್ಕೆಂದೇ ಪ್ರಶ್ನೆ ಬರೆದದ್ದು, ತಿದ್ದಿದ್ದು, ಹೆಸರು ಬೇಡವೆಂದದ್ದು. ಕಾಲು ಒಂದು ಹೆಜ್ಜೆ ಮುಂದೆ ಹೋಗಿಯೇಬಿಟ್ಟಿತ್ತು.

ಹಿಂದಕ್ಕೆ ಬಂದಳು. ಒಲೆ ಆರಿಸಿದಳು. ಒಲೆ ಆರಿದ ಮೇಲೆ ಮನೆ ಇನ್ನಷ್ಟು ನಿಶ್ಶಬ್ದವಾಗಿ, ಗೋಡೆಯಾಚೆಯ ದನಿಯಲ್ಲಿ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳಿಸತೊಡಗಿತು. ದೊಡ್ಡಮ್ಮ ಸಿಂಕಿನ ಬಳಿ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಭೋರೆಂದು ಬಿತ್ತು. ಶೆಲ್ಫಿನಲ್ಲಿ ಬೋರಲು ಹಾಕಿದ್ದ ತೊಳೆದ ಲೋಟಗಳನ್ನು ಒಂದೊಂದಾಗಿ ಇಳಿಸಿಕೊಂಡು, ಸದ್ದಾಗುವ ಹಾಗೆ, ಮತ್ತೆ ತೊಳೆಯತೊಡಗಿದಳು.